ಹಣೆಯತನಕ ಇಳಿದ ಫೋಟೊ

ಮಸ್ಕತ್‌ನಿಂದ ತಂಗಿ ತನ್ನ ಕೂಸಿನ ಫೋಟೊ ಇ-ಮೇಲ್ ಮಾಡಿದ್ದಳು. ಆಪರೇಷನ್‌ಗೆ ಹೊರಟಿದ್ದ ಅವ್ವ, "ಹೋಗೂದ್ರಾಗ ಒಮ್ಮೆ ಮಾರಿ ನೋಡತೀನಿ" ಅಂತ ಪುಣೆ ಕ್ಯಾಂಪಿನ ನಮ್ಮ ಬಾಡಿಗೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಫೋನ್ ಲೈನಿನ ಇಂಟರ್ನೆಟ್; ಫೋಟೊ ಮೇಲಿನಿಂದ ಗೆರೆಗೆರೆಯಾಗಿ ಮೂಡುತ್ತ, ಕೂಸಿನ ಹಣೆಯತನಕ ಇಳಿದು ನಿಲ್ಲುತ್ತಿತ್ತು. ಮೊಡೆಮ್ ಬಿಚ್ಚಿ ಜೋಡಿಸಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ಮತ್ತೆ ಹಣೆಯೇ.

ಅಷ್ಟರಲ್ಲಿ ಕೆಳಗಿನ ಮನೆಯಲ್ಲಿದ್ದ ನಮ್ಮ ಮಾಲಕಿ ಆಜಿ ಮೆಟ್ಟಿಲು ಹತ್ತಿ ಬಂದು ಮರಾಠಿಯಲ್ಲಿ ಗೊಣಗಿದರು: "ಫೋನ್ ಎತ್ತಿದಾಗೆಲ್ಲ ಕಿರ್ರ್ ಅಂತದ. ಕೆಟ್ಟದೇನು?"

ಎರಡೂ ಮನೆಗೆ ಫೋನ್ ಲೈನು ಒಂದೇ. ಅವರು ಎತ್ತಿದಾಗೆಲ್ಲ ನನ್ನ ಇಂಟರ್ನೆಟ್ ಕಡಿಯುತ್ತಿತ್ತು! ವಿಷಯ ತಿಳಿದ ಆಜಿ ಕೆಳಗಿಳಿದು, ಯಾರೂ ಫೋನ್ ಮುಟ್ಟದಂತೆ ಪಕ್ಕದಲ್ಲೇ ಕಾವಲು ಕೂತರು.

ಕೂಸಿನ ಗದ್ದ ಕಂಡಾಗ ಅವ್ವ ಅತ್ತೇಬಿಟ್ಟಳು. ನಾನು ಕೆಳಗೋಡಿ ಆಜಿಯ ಕಾಲು ಮುಟ್ಟಿದೆ.

"ಕೂಸು ಹುಟ್ಟಾಕೂ ಇಷ್ಟೊತ್ತು ಹಿಡಿದಿರಲಿಕ್ಕಿಲ್ಲ" ಅಂದರು ಆಜಿ.