ಗೋಡೆ ಆಚೆಯ ಸ್ಪೀಕರ್ರು

ನಮ್ಮ ಯಜಮಾನ್ರಿಗೆ ಕಿವಿ ಮಂದ ಆಗಿದೆ. ಟೀವೀಲಿ ಯಾರು ಏನಂದ್ರು ಅಂತ ದಿನಾ ನಾನೇ ಕೂಗಿ ಹೇಳಿ ಗಂಟ್ಲು ಹೋಗಿತ್ತು. ಸ್ಪೀಕರ್ ತರೋಣ ಅಂತ ಜಯನಗರಕ್ಕೆ ಹೋದೆ.

"ಒಂದ್ಸಲ ಹಾಕಿ ಕೇಳ್ಸಪ್ಪ" ಅಂದೆ ಅಂಗಡಿಯವನಿಗೆ.

"ಬಾಕ್ಸ್ ಓಪನ್ ಮಾಡಂಗಿಲ್ಲ ಆಂಟಿ. ಮಾಡಿದ್ರೆ ನೀವು ತಗೊಳ್ಳೇಬೇಕು."

"ಸೀರೆ ಅಂಗಡೀಲಿ ಅಷ್ಟೊಂದು ಸೀರೆ ಬಿಚ್ಚಿ ಹಾಕ್ತಾರೆ, ನೀನೊಂದು ಡಬ್ಬ ಬಿಚ್ಚಲ್ವಾ?"

"ಮೊಬೈಲಲ್ಲಿ ರಿವ್ಯೂ ಓದ್ಕೊಳ್ಳಿ ಆಂಟಿ."

ಯಾರೋ ಬರ್ದಿದ್ದನ್ನ ನಾನು ಓದಿದ್ರೆ ಇವ್ರ ಕಿವಿಗೆ ಕೇಳ್ಸತ್ತಾ? ಹೋದ ಅಂಗಡೀಲೆಲ್ಲ ಇದೇ ಮಾತು. ಮಂಡಿ ನೋವು ಬಂದಿದ್ದೇ ಲಾಭ.

ಮನೇಗೆ ಬಂದು ಕೂತ್ರೆ ಪಕ್ಕದ್ಮನೆ ಸರೋಜನ ಸ್ಪೀಕರ್ರು. ಸೀರಿಯಲ್ ಅತ್ತೆ ನಿಟ್ಟುಸಿರು ಬಿಟ್ಟಿದ್ದೂ ಗೋಡೆ ದಾಟಿ ಬರತ್ತೆ. ಈ ಸದ್ದಿಗೇ ಜಗಳ ಆಡಿ ಅವಳ ಹತ್ರ ಮಾತು ಬಿಟ್ಟಿದ್ದೆ. ಬೇರೆ ದಾರಿ ಇರ್ಲಿಲ್ಲ, ಹೋಗಿ ಬಾಗ್ಲು ತಟ್ಟಿದೆ.

"ಸರೋಜ, ನಿಮ್ಮ ಸ್ಪೀಕರ್ ಯಾವ ಕಂಪ್ನೀದು?"

"ಯಾಕಕ್ಕ, ಕಂಪ್ಲೇಂಟ್ ಕೊಡೋಕಾ?"

"ತಗೊಳ್ಳೋಕೆ ಕಣೆ. ಚೆನ್ನಾಗಿ ಕೇಳ್ಸತ್ತೆ."

"ಅವತ್ತು ಬೈಯೋವಾಗ ಇದನ್ನ ಹೇಳ್ಲಿಲ್ವಲ್ಲ" ಅಂತ ನಕ್ಕು ಹೆಸ್ರು ಹೇಳಿದ್ಲು.

ಅದನ್ನೇ ತಂದ್ವಿ. ಯಜಮಾನ್ರು ಈಗ ನನ್ನನ್ನ ಏನೂ ಕೇಳಲ್ಲ. ಆ ಕಡೆಯಿಂದ ಸರೋಜ ಗೋಡೆ ಬಡೀತಾಳಂತೆ. ನಮ್ಮ ಸ್ಪೀಕರ್ ಸೌಂಡಲ್ಲಿ ನಂಗದು ಕೇಳ್ಸಲ್ಲ.