ದಾಸ್ತಾನಿಗೆ ಸೇರಿದ ಹಂಡೆ

ನಾನು ಬಳ್ಳಾರಿಯಲ್ಲಿ ಹುಟ್ಟಿದವಳು, ಬಿಸಿಲೂ ಸಿಟ್ಟೂ ನನಗೆ ಹೊಸದಲ್ಲ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಆಸ್ಪತ್ರೆಗೆ ವೈದ್ಯೆಯಾಗಿ ಬಂದ ಮೇಲೆ ನನ್ನ ಸಿಟ್ಟಿಗೆಲ್ಲ ಒಂದೇ ಕಾರಣ, ಅಲ್ಲಿಲ್ಲದ ಗೀಜರ್. ಹೆತ್ತವಳು ಎರಡು ದಿನ ಆಸ್ಪತ್ರೆಯಲ್ಲೇ ಇರಬೇಕೆಂಬುದು ಸರ್ಕಾರದ ನಿಯಮ. ಬಾಣಂತಿಗೆ ಸುಡುಸುಡು ನೀರು ಹಾಕಬೇಕೆಂಬುದು ಊರಿನ ನಿಯಮ. ಬಿಸಿನೀರಿಲ್ಲದ ಕಡೆ ಯಾವ ತಾಯಿ ಮಗಳನ್ನು ಬಿಟ್ಟಾಳು? ಅರ್ಧ ದಿನಕ್ಕೇ ಆಟೋ ತರಿಸಿ ಕರೆದೊಯ್ಯುತ್ತಿದ್ದರು. ಮನೆಗೆ ಹೋದ ಮೇಲೆ ರಕ್ತಸ್ರಾವವಾದರೆ ಗತಿಯೇನೆಂದು ನನಗೆ ಊಟ ಸೇರುತ್ತಿರಲಿಲ್ಲ.

ಆಸ್ಪತ್ರೆಯ ಕೈಯಲ್ಲಿ ಸಣ್ಣಪುಟ್ಟ ಖರ್ಚಿನ ಹಣವಿತ್ತು. ಆದರೆ ಹೊಸ ವಸ್ತು ಕೊಳ್ಳಲು ಬಳ್ಳಾರಿಯ ಜಿಲ್ಲಾ ಕಚೇರಿಯ ಒಪ್ಪಿಗೆ ಬೇಕು, ಬಳ್ಳಾರಿಗೆ ಬೆಂಗಳೂರಿನ ಒಪ್ಪಿಗೆ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮಗೆ ಇಬ್ಬರು ಪೂಜಾರಿಗಳು.

ಹೀಗಿರುವಾಗ ದೇಶನೂರಿನ ಹೆಂಗಸೊಬ್ಬಳು ಹಿರಿಮಗಳನ್ನು ಹೆರಿಗೆಗೆ ಕರೆತಂದಳು. ಟ್ರ್ಯಾಕ್ಟರಿನಲ್ಲಿ ಮಗಳ ಪಕ್ಕ ಒಂದು ತಾಮ್ರದ ಹಂಡೆ. ಕುರುಗೋಡಿನ ತವರಿನವರು ಅವಳ ಮದುವೆಯಲ್ಲಿ ಕೊಟ್ಟದ್ದಂತೆ. ಆಸ್ಪತ್ರೆಯ ಹಿಂದೆ ಮೂರು ಕಲ್ಲು ಹೂಡಿ, ಹತ್ತಿಕಟ್ಟಿಗೆ ಉರಿಸಿ ನೀರು ಕಾಯಿಸಿದಳು. ಮಗಳು ಎರಡು ದಿನ ಪೂರ್ತಿ ಇದ್ದಳು. ಪಕ್ಕದ ಮಂಚದವಳೂ ಇದ್ದಳು.

"ಕಿರೀ ಮಗಳ ಮದುವಿ ತನಕ ಇದು ಇಲ್ಲೇ ಇರ್ಲಿ ಬಿಡ್ರಿ ಡಾಕ್ಟರಮ್ಮ," ಎಂದು ಹಂಡೆ ಬಿಟ್ಟು ಹೋದಳು. ಅವತ್ತಿನಿಂದ ಅವಳು ನಮಗೆಲ್ಲ ಹಂಡೆವ್ವ.

ಕೆಲವು ತಿಂಗಳ ಮೇಲೆ ಬಳ್ಳಾರಿಯಿಂದ ಲೆಕ್ಕ ತಪಾಸಣೆಯ ಸಾಹೇಬರು ಬರುವ ಸುದ್ದಿ ಬಂತು. ದಾಸ್ತಾನು ಪುಸ್ತಕದಲ್ಲಿಲ್ಲದ ವಸ್ತು ಕಂಡರೆ ಒಪ್ಪಿಗೆಯಿಲ್ಲದೆ ಕೊಂಡಿದ್ದೀರಿ ಅನ್ನುತ್ತಾರೆಂದು ನಮ್ಮ ಗುಮಾಸ್ತರಿಗೆ ದಿಗಿಲು. ಕುರ್ಚಿ, ಮಂಚಗಳಿಗೆ ಬರೆಯುವಂತೆ ಹಂಡೆಯ ಮೇಲೂ ಬಿಳಿ ಬಣ್ಣದಲ್ಲಿ ನಂಬರ್ ಬರೆದು ದಾಸ್ತಾನಿಗೆ ಸೇರಿಸಿಬಿಟ್ಟರು. ಸಾಹೇಬರು ಬಂದ ದಿನವೇ ಹಂಡೆವ್ವನೂ ಬಂದಳು. ಕಿರಿಮಗಳ ಮದುವೆ ಗೊತ್ತಾಗಿತ್ತು.

"ನಮ್ಮ ಹಂಡೇವಿನ ಮ್ಯಾಲ ನಂಬರ್ ಯಾಕ್ರಿ? ಹುಡುಗಿಗಿ ಅರಿಶಿಣದ ನೀರು ಇದ್ರಾಗಾ ಕಾಸಬೇಕು," ಅಂದಳು.

"ಅದು ಈಗ ಸರ್ಕಾರದ್ದು ಆಗೇತಿ ಬೇ. ಹೊರಗ ಒಯ್ಯಾಕ ಬರಂಗಿಲ್ಲ," ಎಂದರು ಗುಮಾಸ್ತರು.

ಅವಳ ಕಣ್ಣು ತುಂಬಿತು. ನನಗೆ ಪಿತ್ತ ನೆತ್ತಿಗೇರಿತು. ಸಾಹೇಬರ ಕಡೆ ತಿರುಗಿದೆ. "ಒಂದು ಚೊಂಬು ಕೊಳ್ಳಾಕ ಒಪ್ಪಿಗಿ ಕೇಳ್ತೀರಿ. ಮಂದಿ ಹಂಡೇವು ನುಂಗಾಕ ಯಾರ ಒಪ್ಪಿಗಿನೂ ಬ್ಯಾಡೇನ್ರಿ?"

ಸಾಹೇಬರು ದಾಸ್ತಾನು ಪುಸ್ತಕ ತೆರೆದು ಗುಮಾಸ್ತರನ್ನು ಕೇಳಿದರು, "ಇದರ ಬಿಲ್ ಐತೇನು? ದಾನಪತ್ರ?"

"ಎರಡೂ ಇಲ್ರಿ."

"ಹಂಗಾರ ಇದು ಒಳಗ ಬಂದಾ ಇಲ್ಲ. ಬರದದ್ದು ಹೊಡದು ಹಾಕ್ರಿ. ಹಂಡೇವು ಕೊಟ್ಟು ಕಳಸ್ರಿ."

ಹಂಡೆವ್ವ ಮಾತ್ರ ಹಂಡೆಗೆ ಕೈ ಹಚ್ಚಲಿಲ್ಲ. "ಸಾಹೇಬ್ರ, ಹೆತ್ತಾಕಿ ಎರಡು ದಿನ ಇಲ್ಲೇ ಇರಬೇಕಂತ ನಿಮ್ಮ ಕಾಯ್ದೆ. ನಾ ಇದನ್ನ ಒಯ್ದ ಮ್ಯಾಲ ಒಳಗಿರೋ ಬಾಣಂತಿಗಿ ಯಾವ ನೀರು ಹಾಕ್ತೀರಿ?"

ಸಾಹೇಬರು ಕಾಗದ ಕೇಳಿದರು. ಬಾಣಂತಿಯರನ್ನು ಎರಡು ದಿನ ಇರಿಸಿಕೊಳ್ಳುವ ಖರ್ಚಿಗೆ ಬಳ್ಳಾರಿಯ ಒಪ್ಪಿಗೆ ಬೇಕಿಲ್ಲ, ಬಿಸಿನೀರಿನ ವ್ಯವಸ್ಥೆಯೂ ಅದರಲ್ಲೇ ಬರುತ್ತದೆ ಎಂದು ನನ್ನ ಮೇಜಿನ ಮೇಲೇ ಬರೆದು ಸಹಿ ಹಾಕಿದರು. "ಯಾರಾರ ಕೇಳಿದ್ರ ನನ್ನ ಕಡಿ ಕಳಸ್ರಿ ಮೇಡಂ," ಅಂದರು. ಖರ್ಚಿಗೆ ಕಡಿವಾಣ ಹಾಕುವವರ ಮೇಲಿನ ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದರ್ಧ ಇರಲಿ, ಮುಂದೆ ಬೇಕಾಗುತ್ತದೆ.

ಸಿರುಗುಪ್ಪದಿಂದ ಗೀಜರ್ ತಂದು ಹಾಕಿಸಿದೆವು, ಹಂಡೆ ದೇಶನೂರಿಗೆ ಮರಳಿತು. ಮದುವೆಗೆ ಕರೆಯಲು ಬಂದ ಹಂಡೆವ್ವ ನಲ್ಲಿಯ ನೀರಿಗೆ ಕೈಯೊಡ್ಡಿ, "ಬೆಚ್ಚಗೈತಿ, ಅಷ್ಟ," ಎಂದು ಮುಖ ಸಿಂಡರಿಸಿದಳು.

ಆದರೂ ಮುಂದಿನ ವರ್ಷ ಕಿರಿಮಗಳ ಹೆರಿಗೆಗೆ ಬಳ್ಳಾರಿಯ ದೊಡ್ಡ ದವಾಖಾನೆಗಳನ್ನೆಲ್ಲ ಬಿಟ್ಟು ನಮ್ಮಲ್ಲಿಗೇ ಬಂದಳು. ಎರಡು ದಿನ ಮುಗಿಯಿತು, ಇನ್ನು ಮನೆಗೆ ಹೋಗಬಹುದು ಎಂದೆ. ಅವಳು ಮೊಮ್ಮಗುವನ್ನು ಮಡಿಲಲ್ಲಿ ಸರಿಮಾಡಿಕೊಂಡು, "ಇನ್ನೊಂದಿನ ಇರ್ತೀವಿ ತಗೋರಿ," ಅಂದಳು.