ತಿರುಗಿ ಬಂದ ಡಬ್ಬಿ

ಅಡುಗೆಮನೆಯ ಕಪಾಟಿನ ಮೇಲಿನ ಅರೆಯನ್ನು ವರ್ಷಕ್ಕೆರಡು ಸಲ ಒರೆಸುವುದು ನನ್ನ ನಿಯಮ. ಒರೆಸಿದ ದಿನವನ್ನು ಡೈರಿಯಲ್ಲಿ ಬರೆದಿಡುವುದೂ ನಿಯಮವೇ. ನಗಬೇಡಿ, ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ನಾನು ತಾರೀಕು ಕೂಡಿಸುತ್ತೇನೆ. ಈ ಶುಕ್ರವಾರ ಹಾಗೆ ಒರೆಸುತ್ತಿದ್ದಾಗ ಹಿಂದಿನ ಮೂಲೆಯ ಹಾಲಿನ ಪುಡಿಯ ಡಬ್ಬಿ ಕೈಗೆ ತಾಗಿ ಗಡಗಡ ಎಂದಿತು. ಒಳಗೆ ಒಂದೇ ಒಂದು ಅಕ್ರೋಟು.

ಗಲ್ಫಿನಲ್ಲಿ ಇದ್ದವರಿಗೆ ಗೊತ್ತು, ಹಾಲಿನ ಪುಡಿಯ ಡಬ್ಬಿ ಒಂದೇ ದಿಕ್ಕಿಗೆ ಹೋಗುವ ವಸ್ತು. ದೋಹಾದಿಂದ ಊರಿಗೆ ಹೋಗುತ್ತದೆ. ಅಲ್ಲಿ ಖಾಲಿಯಾಗಿ, ಸಾಸಿವೆಯನ್ನೋ ಹುಣಸೆಹಣ್ಣನ್ನೋ ತುಂಬಿಸಿಕೊಂಡು ಖಾಯಂ ನಿವಾಸಿಯಾಗುತ್ತದೆ. ತಿರುಗಿ ಬಂದ ಡಬ್ಬಿ ಎಂದು ನಾನು ಕಂಡದ್ದು ಇದೊಂದನ್ನೇ. ಅದೂ ಬಂದದ್ದು ಊರಿನಿಂದಲ್ಲ, ಫ್ರಾನ್ಸಿನ ಒಂದು ಹಳ್ಳಿಯಿಂದ.

ಮದುವೆಯಾಗಿ ಕತಾರಿಗೆ ಬಂದ ಮೇಲೆ ಮೊದಲ ರಜೆಗೆ ನಾವು ಉಡುಪಿಗೆ ಹೋಗಿದ್ದೆವು. ರಜೆಯಲ್ಲಿ ಬಂದವರು ಎಲ್ಲ ಮನೆಗೂ ಹೋಗಬೇಕು. ಒಂದು ಮನೆ ಬಿಟ್ಟರೆ ಮುಂದಿನ ರಜೆಯವರೆಗೂ ಅದೇ ಮಾತು. ಕುರ್ಚಿಯ ಅಂಚಿನಲ್ಲಿ ಕೂರುವುದು, ಸೋಪು, ಖರ್ಜೂರ, ಹಾಲಿನ ಪುಡಿ ಕೊಡುವುದು, ಶರಬತ್ತು ಕುಡಿಯುವುದು, "ಇನ್ನೂ ಎರಡು ಮನೆ ಉಂಟು" ಎಂದು ಏಳುವುದು. ಬೆನ್ನು ಒರಗಿಸಿದರೆ ಊಟಕ್ಕೆ ನಿಲ್ಲಿಸಿಕೊಳ್ಳುತ್ತಾರೆ, ಮುಂದಿನ ಮನೆ ತಪ್ಪುತ್ತದೆ. ವಾಪಸು ಬಂದು ಡೈರಿಯಲ್ಲಿ ಕೂಡಿಸಿದೆ. ಹೋದ ಮನೆಗಳು ನಲವತ್ತಮೂರು. ನಾವಿಬ್ಬರೇ ಕೂತು ಮಾಡಿದ ಊಟ ಸೊನ್ನೆ.

ಆ ಪುಟವನ್ನು ಗಂಡ ದಿನೇಶನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಮುಂದಿನ ರಜೆ ನಮ್ಮದು ಎಂದ. ಅವನ ಆಫೀಸಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಎರಡೂ ಬದಿಗೆ ಸಾಲುಮರ, ನಡುವೆ ಯಾವ ಅವಸರವೂ ಇಲ್ಲದ ರಸ್ತೆ, ಕೆಳಗೆ ಫ್ರಾನ್ಸ್ ಎಂಬ ಅಕ್ಷರ. ತಿಂಗಳು ಮುಗಿದರೂ ಅವನು ಆ ಹಾಳೆ ಮಗುಚಿರಲಿಲ್ಲವಂತೆ. ಎಲ್ಲಿಗೆ ಹೋಗುವುದು ಎಂಬುದು ಹಾಗೆ ನಿಶ್ಚಯವಾಯಿತು.

ದೋಹಾದಲ್ಲೇ ಅಬು ಹಮೂರಿನಲ್ಲಿದ್ದ ಭಾವ, ಅಂದರೆ ದಿನೇಶನ ಅಣ್ಣ, ಇದನ್ನು ಕೇಳಿ ಊಟದ ತಟ್ಟೆ ದೂರ ಸರಿಸಿದರು. ದಿನೇಶನಿಗೆ ವೀಸಾ ಮಾಡಿಸಿದವರು ಅವರೇ. ಹಾಗಾಗಿ ನಮ್ಮ ಬಾಡಿಗೆ ಮನೆಯಿಂದ ಹಿಡಿದು ಪರದೆಯ ಬಣ್ಣದವರೆಗೆ ಅವರದೇ ಕೊನೆಯ ಮಾತು.

"ರಜೆ ಅಂದ್ರೆ ಊರು ಮಾರಾಯ. ಕಂಪನಿ ರಜೆ ಕೊಡುದು ತಿರುಗ್ಲಿಕ್ಕಾ?" ಎಂದರು. ಅವರ ಹೆಂಡತಿ, ನಾವು ಅಕ್ಕ ಎನ್ನುವವರು, ಬಡಿಸುತ್ತಾ ನಿಂತೇ ಇದ್ದರು. ನಾವು ಎದುರಾಡಲಿಲ್ಲ. ಮರುದಿನ ಟಿಕೆಟ್ ಮಾಡಿಸಿದೆವು.

ಒಂದು ಸಂಗತಿ ಹೇಳಿದರೆ ನೀವು ನಂಬಲಿಕ್ಕಿಲ್ಲ. ಕಾರು ಓಡಿಸಲು ನಮಗೆ ಊರಿಗಿಂತ ಫ್ರಾನ್ಸೇ ಸಲೀಸು. ಇಬ್ಬರೂ ಡ್ರೈವಿಂಗ್ ಕಲಿತದ್ದು ದೋಹಾದಲ್ಲಿ, ರಸ್ತೆಯ ಬಲಬದಿಯಲ್ಲಿ, ಫ್ರಾನ್ಸಿನಲ್ಲಿಯೂ ಅದೇ ಬದಿ. ಆದರೆ ದಿನೇಶನಿಗೆ ಗೊತ್ತಿದ್ದದ್ದು ಅಲ್ ಶಮಾಲ್ ರಸ್ತೆ. ಮರುಭೂಮಿಯ ನಡುವೆ ನೇರಕ್ಕೆ ಹೊಡೆದು ತಲುಪಿಬಿಡುವ ವಿದ್ಯೆ ಅದು. ಮೊದಲೆರಡು ದಿನ ರಾತ್ರಿ ತಂಗಬೇಕಾದ ಊರಿಗೆ ಬೆಳಿಗ್ಗೆಯೇ ತಲುಪಿ ಮಿಕಮಿಕ ನೋಡುತ್ತಾ ನಿಂತೆವು. ಚಂದದ ಹಳ್ಳಿ ಕಂಡರೆ ಇಳಿದು, ಒಂದು ಫೋಟೊ ತೆಗೆದು, "ಬಾ, ಇನ್ನೂ ಎರಡು ಊರು ಉಂಟು" ಎನ್ನುತ್ತಿದ್ದ. ನೀನು ಇಲ್ಲಿಯೂ ಮನೆಮನೆ ಸುತ್ತುತ್ತಿದ್ದೀ ಎಂದೆ. ನಾನೇನು ಕಡಿಮೆ? ನಕ್ಷೆಯಲ್ಲಿ ಮುಗಿದ ಊರಿಗೆಲ್ಲ ಟಿಕ್ ಹಾಕುತ್ತಿದ್ದೆ.

ಮೂರನೆಯ ದಿನ ತಂಗಿದ್ದು ಒಬ್ಬ ಅಜ್ಜಿಯ ತೋಟದ ಮನೆಯಲ್ಲಿ. ಬಾಡಿಗೆ ಕೋಣೆಯಾದರೂ ಅದು ಒಬ್ಬರ ಮನೆ ತಾನೆ, ಬರಿಗೈಯಲ್ಲಿ ಹೋಗುವುದು ಹೇಗೆ? ದೋಹಾದಿಂದ ಹೊತ್ತು ತಂದಿದ್ದ ಹಾಲಿನ ಪುಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅಜ್ಜಿ ಡಬ್ಬಿಯನ್ನು ನೋಡಿದರು. ಮತ್ತೆ ಕಿಟಕಿಯಾಚೆ ಮೇಯುತ್ತಿದ್ದ ತಮ್ಮ ಏಳು ಹಸುಗಳನ್ನು ನೋಡಿದರು. ಆಮೇಲೆ ನನ್ನನ್ನು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಾಫಿ ಮುಗಿಯಿತು. ಅಭ್ಯಾಸಬಲ ನೋಡಿ, ಇಬ್ಬರೂ ಒಟ್ಟಿಗೆ ಎದ್ದು ನಿಂತೆವು, ಹೊರಡಲಿಕ್ಕೆ! ಪೆಟ್ಟಿಗೆಗಳಿನ್ನೂ ಕಾರಿನಲ್ಲೇ ಇದ್ದವು. ಅಜ್ಜಿ ನನ್ನ ಭುಜ ಹಿಡಿದು ಕೂರಿಸಿ, ಬೆನ್ನನ್ನು ಕುರ್ಚಿಗೆ ಒತ್ತಿ, ಹರಕು ಇಂಗ್ಲಿಷಿನಲ್ಲಿ, ಹೀಗೆ ಕೂರಬೇಕು ಎಂದರು.

ಮುಂದಿನ ಊರುಗಳನ್ನೆಲ್ಲ ಬಿಟ್ಟೆವು. ಅಲ್ಲೇ ಉಳಿದು, ಮಧ್ಯಾಹ್ನ ಕಾರು ತೆಗೆದು, ಬೇಕಾದಲ್ಲಿ ತಿರುಗಿ, ಮರದ ಕೆಳಗೆ ಬ್ರೆಡ್ಡು ತಿಂದು, ದಾರಿ ತಪ್ಪಿ, ಸಂಜೆಗೆ ಅಜ್ಜಿಯ ಅಂಗಳಕ್ಕೆ ಬರುವುದು. ನಕ್ಷೆಯಲ್ಲಿ ಒಂದೂ ಟಿಕ್ ಇಲ್ಲ.

ಅಂಥ ಒಂದು ಸಂಜೆ ಅಂಗಳದಲ್ಲಿ ಕೂತಿದ್ದಾಗ ಭಾವನ ಫೋನು. ಊರಿನಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ನಿಗದಿಯಾಗಿತ್ತು. ಫೋನಿನಾಚೆಯ ಮಾತು ನನಗೂ ಕೇಳುತ್ತಿತ್ತು.

"ನೋಡಿ ಆಯ್ತಲ್ಲ? ಖಲಾಸ್. ಅಲ್ಲಿಂದ್ಲೇ ಊರಿಗೆ ಹೋಗಿ. ಬರ್ತಾರೆ ಅಂತ ಅಮ್ಮನಿಗೆ ಹೇಳಿಯಾಯ್ತು."

ದಿನೇಶನ ಬೆನ್ನು ಕುರ್ಚಿಯಿಂದ ಬಿಟ್ಟಿತ್ತು. ಅರ್ಧ ಎದ್ದಿದ್ದ. ಪೂರ್ತಿ ಎದ್ದರೆ ನಮ್ಮ ರಜೆ ಮುಗಿಯಿತು, ಬಹುಶಃ ಇನ್ನು ಮುಂದಿನ ರಜೆಗಳೂ. ಫೋನು ಕಸಿದುಕೊಂಡೆ.

"ಭಾವ, ನಾವು ಈಗಷ್ಟೇ ಕೂತದ್ದು. ಏಳುದಿಲ್ಲ."

"ನಿಂಗೆ ಧೈರ್ಯ ಜಾಸ್ತಿ ಆಗಿದೆ," ಎಂದರು.

ಹೌದು ಎಂದೆ. ದಿನೇಶ ಕೂತ.

ಹೊರಡುವ ದಿನ ಅಜ್ಜಿ ಆ ಡಬ್ಬಿಯ ತುಂಬ ತಮ್ಮ ಮರದ ಅಕ್ರೋಟು ತುಂಬಿಸಿ ಕೊಟ್ಟರು. ದೋಹಾಕ್ಕೆ ಬಂದ ಮೇಲೆ ಶುಕ್ರವಾರದ ಊಟಕ್ಕೆ ಭಾವನ ಮನೆಯಿಂದ ಎಷ್ಟೋ ತಿಂಗಳು ಕರೆ ಬರಲಿಲ್ಲ. ಅತ್ತೆ ಫೋನಿನಲ್ಲಿ ಹವೆಯ ವಿಚಾರವಷ್ಟೇ ಕೇಳುತ್ತಿದ್ದರು. ಬೇಸರವಾಯಿತು, ಪಶ್ಚಾತ್ತಾಪವಾಗಲಿಲ್ಲ. ಈಗಲೂ ಇಲ್ಲ.

ಅರೆ ಒರೆಸಿ ಮುಗಿಸುವಷ್ಟರಲ್ಲಿ ಭಾವನದೇ ಫೋನು ಬಂತು. ಈ ಸಲದ ರಜೆಗಾದರೂ ಊರಿಗೇ ಅಲ್ಲವಾ, ಕಳಿಸಲಿಕ್ಕೆ ಸಾಮಾನು ಉಂಟು ಎಂದರು.

"ಊರಿಗೇ ಭಾವ. ಆದ್ರೆ ಐದೇ ಮನೆ. ಪಾರ್ಸೆಲ್ ಮಾಫಿ, ಒಂದೂ ಹೊರುದಿಲ್ಲ."

"ಜನ ಮಾತಾಡ್ತಾರೆ."

"ಮಾತಾಡ್ಲಿ. ಆ ಐದು ಮನೆಯಲ್ಲಿ ಉಂಡು, ಮಲಗಿ, ಸಂಜೆ ಚಾ ಕುಡಿದೇ ಏಳುದು ನಾವು."

ಭಾವ ಏನೋ ಗೊಣಗಿದರು. ಫೋನು ಕೈ ಬದಲಾಯಿತು. ಇಷ್ಟು ವರ್ಷ ಈ ವಿಷಯದಲ್ಲಿ ಬಾಯಿ ತೆರೆಯದ ಅಕ್ಕನ ದನಿ, ತೀರ ಸಣ್ಣಗೆ.

"ಆ ಅಜ್ಜಿ ಈಗಲೂ ಕೋಣೆ ಕೊಡ್ತಾರಾ?"

ಆ ಬದಿಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿತು. ಅಕ್ಕ ಕೂತರು. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಒರಗಿಸಿ, ಮೊದಲಿನಿಂದ ಹೇಳತೊಡಗಿದೆ.